ಸ್ಪೋರ್ಟ್ ಗುಂಡಿಯ ಮಹಿಮೆ

ಹೋದ ಸಂಚಿಕೆಯಲ್ಲಿ ನಾವು ಹೊಸ ಕಾರು ಕೊಂಡ ಸಂಗತಿಯನ್ನು ಎರಡು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆವು. ಅಷ್ಟಕ್ಕೇ ಬಿಡುವವರೇ ನಮ್ಮ ವಾಚಕರು? ಮುಲುಂದದ ಸೋದರಿಯೊಬ್ಬರು, "ನಮ್ಮ ಮನೆಯವರು ಆಫೀಸಿಗೆ ಹೋಗುವಾಗಲೂ ಸ್ಪೋರ್ಟ್ ಎಂಬ ಗುಂಡಿಯನ್ನು ಒತ್ತಿಕೊಂಡೇ ಹೋಗುತ್ತಾರೆ. ಗಾಡಿ ಗುರ್ರೆನ್ನುತ್ತದೆ, ಪೆಟ್ರೋಲು ಕುಡಿಯುತ್ತದೆ. ಇದರಿಂದ ಇಂಜಿನ್ನು ಕೆಡುವುದಿಲ್ಲವೇ?" ಎಂದು ಕೇಳಿದ್ದಾರೆ. ಚಿಂಚವಡದ ಮಹನೀಯರೊಬ್ಬರಿಗೆ, ಆ ಗುಂಡಿ ಒತ್ತಿದರೆ ಕಾರಿನ ಶಕ್ತಿ ನಿಜವಾಗಿಯೂ ಹೆಚ್ಚುವುದೋ ಅಥವಾ ಅದು ಬರಿಯ ಭ್ರಮೆಯೋ ಎಂಬ ಸಂದೇಹ. ಇದೇ ಪ್ರಶ್ನೆಗಳನ್ನು ದೀಪಾವಳಿಗೆ ಮೊದಲು ಕೇಳಿದ್ದರೆ ನಾವು ಎರಡಕ್ಕೂ ತಪ್ಪು ಉತ್ತರವನ್ನೇ ಬರೆಯುತ್ತಿದ್ದೆವು. ಈಗ ಬುದ್ಧಿ ಬಂದಿದೆ. ಬಂದ ರೀತಿಯನ್ನು ಹೇಳಿಕೊಳ್ಳಲು ಮಾತ್ರ ಸ್ವಲ್ಪ ನಾಚಿಕೆ.

ಮೊದಲು ಹಿನ್ನೆಲೆ. ನಮ್ಮ ಎಡ ಮೊಣಕಾಲಿಗೆ ಎರಡು ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯಾಯಿತು. ಪುಣೆಯ ಸಂದಣಿಯಲ್ಲಿ ನಿಮಿಷಕ್ಕೆ ಹತ್ತು ಸಲ ಕ್ಲಚ್ಚು ತುಳಿಯುವ ಕೆಲಸ ಆ ಕಾಲಿಗೆ ಇನ್ನು ಸಲ್ಲದೆಂದು ಡಾಕ್ಟರು ಹೇಳಿದರು. ಮಗ ಅದನ್ನೇ ಹಿಡಿದುಕೊಂಡು, "ಅಪ್ಪಾ, ಇನ್ನು ಕಾರು ಓಡಿಸುವುದನ್ನೇ ಬಿಡಿ" ಎಂದ. ಊರ ಕಡೆ ಅಂಕೋಲೆಯ ಹತ್ತಿರದ ಮನೆಯಲ್ಲಿ ನಮ್ಮ ಅಣ್ಣ ಇದ್ದಾರೆ, ಎಂಬತ್ತು ದಾಟಿದವರು. ಫೋನು ಮಾಡಿದಾಗಲೆಲ್ಲ, "ತಮ್ಮಾ, ಬಸ್ಸಿನ ಮೇಲೆ ಬಂದರೆ ಎರಡು ದಿನಕ್ಕೆ ಹೊರಡುತ್ತೀಯ. ನಿನ್ನ ಗಾಡಿ ತಗೊಂಡೇ ಬಾ, ಎಂಟು ದಿನ ಇರು" ಎನ್ನುತ್ತಾರೆ. ಹೀಗಾಗಿ ಕ್ಲಚ್ಚಿಲ್ಲದ ಕಾರು ಕೊಂಡೆವು. ಮಗನಿಗೆ ಅರ್ಧ ಮನಸ್ಸು, ನಮಗೆ ಒಂದೂವರೆ ಮನಸ್ಸು.

ಕಾರು ಮಾರುವ ಅಂಗಡಿಯ ಹುಡುಗ ಬಹಳ ಚೂಟಿ. ಗೇರಿನ ಪಕ್ಕದ ಗುಂಡಿಯನ್ನು ತೋರಿಸಿ, "ಸರ್, ಇದು ಸ್ಪೋರ್ಟ್ ಮೋಡ್. ಒತ್ತಿದರೆ ಪವರ್ ಜಾಸ್ತಿ. ಓವರ್‌ಟೇಕ್ ಮಾಡಲು ಚಿಂತೆಯೇ ಇಲ್ಲ" ಎಂದ. ಒತ್ತಿ ನೋಡಿದೆವು. ಮುಳ್ಳು ಹಿಂದಿರುವ ದೀಪ ಕೆಂಪಾಯಿತು, ಇಂಜಿನ್ನಿನ ದನಿ ಏರಿತು, ಕಾಲು ತಾಗಿಸಿದರೆ ಸಾಕು ಕಾರು ಮುಂದಕ್ಕೆ ಹಾರಿತು. ನಂಬಿಬಿಟ್ಟೆವು.

ಹಿಂದೆ ಮುಂಬಯಿಯ ಕರಿ-ಹಳದಿ ಫಿಯಟ್ ಟ್ಯಾಕ್ಸಿಗಳಲ್ಲಿ ಕುಳಿತವರಿಗೆ ಗೊತ್ತು: ಗೇರಿನ ಕಡ್ಡಿ ಸ್ಟಿಯರಿಂಗಿನ ಕೊರಳಿನಲ್ಲೇ ಇರುತ್ತಿತ್ತು. ಡ್ರೈವರು ಒಂದು ಕೈಯಲ್ಲಿ ಅದನ್ನು ತಿರುವುತ್ತ, ಇನ್ನೊಂದು ಕೈ ಹೊರಗೆ ಚಾಚುತ್ತ, ಬಾಯಲ್ಲಿ ಎದುರಿನವನನ್ನು ಬೈಯುತ್ತ ನಡೆಸುತ್ತಿದ್ದ. ೨೦೨೩ರ ಅಕ್ಟೋಬರಿನಲ್ಲಿ ಅವುಗಳ ಕೊನೆಯ ಗಾಡಿಯೂ ರಸ್ತೆಯಿಂದ ಇಳಿಯಿತು. ತಾನೇ ಗೇರು ಬದಲಿಸುವ ಕಾರೇನೂ ಹೊಸದಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ೧೯೪೦ರ ಮಾಡೆಲ್ಲಿನ ಓಲ್ಡ್ಸ್‌ಮೊಬೀಲ್ ಕಾರುಗಳಿಗೇ ಹೈಡ್ರಾ-ಮ್ಯಾಟಿಕ್ ಎಂಬ ಅಂಥ ಪೆಟ್ಟಿಗೆಯನ್ನು ಜೋಡಿಸಿತ್ತು. ನಮ್ಮಲ್ಲಿ ಅದು ಸಿರಿವಂತರ ಸೊತ್ತಾಗಿಯೇ ಬಹುಕಾಲ ಉಳಿಯಿತು. ೨೦೧೪ರಲ್ಲಿ ಮಾರುತಿಯ ಸೆಲೆರಿಯೊ ಬಂತು. ಮಾಮೂಲು ಗೇರುಪೆಟ್ಟಿಗೆಯೇ, ಕ್ಲಚ್ಚು ತುಳಿದು ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಿದ ಅಗ್ಗದ ಉಪಾಯ. ಆಮೇಲೆ ನಮ್ಮಂಥ ಸಂಬಳದ ಜನರಿಗೂ ಎಡಗಾಲಿನ ಬಿಡುವು ದಕ್ಕಿತು.

ಹಳೆಯ ಆಟೋಮ್ಯಾಟಿಕ್ ಕಾರುಗಳಲ್ಲಿ ಯಾವಾಗ ಗೇರು ಬದಲಿಸಬೇಕೆಂಬುದನ್ನು ಎಣ್ಣೆಯ ಒತ್ತಡ ಮತ್ತು ಸ್ಪ್ರಿಂಗುಗಳೇ ತೀರ್ಮಾನಿಸುತ್ತಿದ್ದವು. ಆ ಕೆಲಸ ಕಂಪ್ಯೂಟರಿನ ಕೈಗೆ ಬಂದಾಗ, ಒಂದರ ಬದಲು ಎರಡು ಲೆಕ್ಕದ ಪಟ್ಟಿಗಳನ್ನು ಅದಕ್ಕೆ ಕಲಿಸುವುದು ಸುಲಭವಾಯಿತು. ೧೯೮೦ರ ದಶಕದ ಕೆಲವು ಟೊಯೋಟಾ ಕಾರುಗಳಲ್ಲೇ 'ಪವರ್' ಎಂದು ಬರೆದ ಗುಂಡಿಯೊಂದಿತ್ತು. ಇಂದಿನ ಸ್ಪೋರ್ಟ್ ಗುಂಡಿ ಅದರ ಮೊಮ್ಮಗ.

ಇನ್ನು ದೀಪಾವಳಿಯ ಪ್ರವಾಸ. ನಾವು, ನಮ್ಮ ಮನೆಯವರು, ಇಂಜಿನಿಯರಿಂಗಿನ ಎರಡನೆಯ ವರ್ಷದಲ್ಲಿ ಓದುತ್ತಿರುವ ಮೊಮ್ಮಗ, ಹಿಂದಿನ ಸೀಟಿನಲ್ಲಿ ಅವನ ಅಜ್ಜಿಯ ಅಕ್ಕ. ಡಿಕ್ಕಿಯ ತುಂಬ ಫರಾಳದ ಡಬ್ಬಗಳು, ಬಟ್ಟೆಯ ಗಂಟುಗಳು. ಸಾತಾರೆ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡದವರೆಗೂ ಅಗಲವಾದ ದಾರಿ. ಹೋಗುವವರು ಒಂದು ಕಡೆ, ಬರುವವರು ಇನ್ನೊಂದು ಕಡೆ. ಮೊಮ್ಮಗನೂ ನಾವೂ ಸರತಿಯ ಮೇಲೆ ಓಡಿಸಿದೆವು. ಹುಬ್ಬಳ್ಳಿ ದಾಟಿ ಕಲಘಟಗಿಯ ದಾರಿ ಹಿಡಿದ ಮೇಲೆ ರಸ್ತೆ ಎರಡೇ ಗಾಡಿಯ ಅಗಲದ್ದಾಯಿತು. ಸ್ಟಿಯರಿಂಗು ಆಗ ನಮ್ಮ ಕೈಯಲ್ಲಿತ್ತು.

ಮುಂದೆ ಒಂದು ಲಾರಿ, ಹುಲ್ಲು ತುಂಬಿದ್ದು, ನಲವತ್ತರ ವೇಗದಲ್ಲಿ ತೂಗಾಡುತ್ತ ಹೋಗುತ್ತಿತ್ತು. ಹತ್ತು ನಿಮಿಷ ಅದರ ಹಿಂದೆ ತಾಳ್ಮೆಯಿಂದ ಸಾಗಿದೆವು. ಆಮೇಲೆ ಎದುರಿಗೆ ಒಂದಷ್ಟು ದೂರ ರಸ್ತೆ ಖಾಲಿ ಕಂಡಿತು. ಅಂಗಡಿಯ ಹುಡುಗನ ಮಾತು ನೆನಪಾಯಿತು. ಗುಂಡಿ ಒತ್ತಿ ಬಲಕ್ಕೆ ಹೊರಟೆವು. ಕಾಲನ್ನು ಅರ್ಧ ಒತ್ತುವಷ್ಟರಲ್ಲಿ ಬೆನ್ನು ಸೀಟಿಗೆ ತಾಗಿತು. 'ಅರ್ಧಕ್ಕೇ ಇಷ್ಟಾದರೆ ಪೂರ್ತಿಗೆ ಎಷ್ಟು!' ಎಂದು ಮನಸ್ಸು ಲೆಕ್ಕ ಹಾಕಿತು. ಅಷ್ಟರಲ್ಲಿ ತಿರುವಿನಿಂದ ಸಾರಿಗೆ ಬಸ್ಸೊಂದು ಕಾಣಿಸಿತು. ಪೂರ್ತಿ ಒತ್ತಿದೆವು. ದನಿ ಏರಿತು. ಓಟ ನಾವೆಣಿಸಿದಷ್ಟು ಏರಲಿಲ್ಲ. ಲಾರಿಯ ನಡು ಇನ್ನೂ ನಮ್ಮ ಎಡಕ್ಕಿತ್ತು. ಬಸ್ಸಿನ ದೀಪಗಳು ಮಿನುಗಿದವು. ಬ್ರೇಕು ಹಾಕಿ ಮತ್ತೆ ಲಾರಿಯ ಹಿಂದಕ್ಕೆ ಸೇರಿಕೊಂಡೆವು. ಬಸ್ಸು ಉದ್ದಕ್ಕೆ ಹಾರನ್ನು ಒತ್ತುತ್ತ ಪಕ್ಕದಿಂದ ದಾಟಿಹೋಯಿತು.

ಯಾರೂ ಮಾತಾಡಲಿಲ್ಲ. ನಮ್ಮ ಮನೆಯವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದು ಫರ್ಲಾಂಗು ದಾಟಿದ ಮೇಲೆ, "ಎಲ್ಲಾದರೂ ನೆರಳು ನೋಡಿ ನಿಲ್ಲಿಸಿ, ಅಕ್ಕನಿಗೆ ನೀರು ಬೇಕಂತೆ" ಎಂದರು. ಅಕ್ಕ ನೀರು ಕೇಳಿರಲಿಲ್ಲ.

ಮರದ ಕೆಳಗೆ ನಿಂತಾಗ ಮೊಮ್ಮಗ ಮೆಲ್ಲನೆ ಕೇಳಿದ: "ಅಜ್ಜಾ, ಸ್ಪೋರ್ಟ್ ಹಾಕಿದರೆ ಹಾರ್ಸ್‌ಪವರ್ ಹೆಚ್ಚಾಗುತ್ತದೆ ಅಂತ ತಿಳಿದಿದ್ದಿರಾ?" ನಾವು ಹೌದೆಂದೆವು. ಅವನು ನಗಲಿಲ್ಲ, ಅದು ಅವನ ದೊಡ್ಡ ಗುಣ. ನಿಧಾನವಾಗಿ ಬಿಡಿಸಿ ಹೇಳಿದ. ಅವನು ಹೇಳಿದ್ದನ್ನೂ, ಆಮೇಲೆ ಕಾರಿನ ಜೊತೆ ಕೊಟ್ಟ ದಪ್ಪ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಓದಿ ನಾವು ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಈಗಿನ ಕಾರಿನಲ್ಲಿ ಎಕ್ಸಲರೇಟರಿಗೂ ಇಂಜಿನ್ನಿಗೂ ನಡುವೆ ಹಿಂದಿನಂತೆ ತಂತಿ ಇಲ್ಲ. ನಮ್ಮ ಕಾಲು ಎಷ್ಟು ಒತ್ತಿದೆ ಎಂಬುದನ್ನು ಒಂದು ವಿದ್ಯುತ್ ಸಾಧನ ಅಳೆದು ಕಂಪ್ಯೂಟರಿಗೆ ಹೇಳುತ್ತದೆ. ಗಾಳಿಯ ಬಾಗಿಲನ್ನು ಎಷ್ಟು ತೆರೆಯಬೇಕೆಂದು ಕಂಪ್ಯೂಟರು ನಿಶ್ಚಯಿಸುತ್ತದೆ. ಕಾಲು ಕೇಳುವುದು ಒಂದು, ಕಂಪ್ಯೂಟರು ಕೊಡುವುದು ಇನ್ನೊಂದು. ಮಾಮೂಲು ಕ್ರಮದಲ್ಲಿ ಅದು ಜಿಪುಣ. ಸ್ಪೋರ್ಟ್ ಕ್ರಮದಲ್ಲಿ ಧಾರಾಳಿ. ಕಾಲುಭಾಗ ಒತ್ತಿದರೆ ಅರ್ಧದಷ್ಟು ಕೊಟ್ಟುಬಿಡುತ್ತದೆ. ಆದರೆ ಪೂರ್ತಿ ಒತ್ತಿದಾಗ ಎರಡು ಕ್ರಮಗಳಲ್ಲೂ ಕೊಡುವುದು ಅಷ್ಟೇ, ಇದ್ದದ್ದೆಲ್ಲ. ನಮ್ಮ ಮನೆಯವರು ಇದನ್ನು ಕೇಳಿ, "ಅಡುಗೆಮನೆಯ ಹೊಸ ನಲ್ಲಿಯ ಹಾಗೆ" ಎಂದರು. ಹಳೆಯ ನಲ್ಲಿಯನ್ನು ನಾಲ್ಕು ಸುತ್ತು ತಿರುಗಿಸಬೇಕು. ಹೊಸದನ್ನು ಸ್ವಲ್ಪ ಎತ್ತಿದರೆ ಸಾಕು, ಧೋ ಎಂದು ಬೀಳುತ್ತದೆ. ಮೇಲಿನ ಟಾಕಿಯಲ್ಲಿರುವ ನೀರು ಒಂದೇ, ಕೊಳವೆಯ ಗಾತ್ರವೂ ಒಂದೇ.

ನಾವು ಮೋಸಹೋದದ್ದು ಇಲ್ಲಿಯೇ. ಅರ್ಧ ಒತ್ತುವಷ್ಟರಲ್ಲಿ ಕಾರು ತನ್ನಲ್ಲಿದ್ದ ಬಹುಪಾಲನ್ನು ಕೊಟ್ಟಾಗಿತ್ತು. ಉಳಿದ ಅರ್ಧದಲ್ಲಿ ಇನ್ನೂ ಅಷ್ಟೇ ಇದೆಯೆಂದು ನಂಬಿದ್ದು ನಮ್ಮ ತಪ್ಪು. ಅದರ ಮೇಲೆ ನಾಲ್ಕು ಜನರ ಭಾರ, ಸಾಮಾನಿನ ಭಾರ, ತಂಪುಯಂತ್ರದ ಭಾರ. ಸೆಕೆಂಡಿನ ಲೆಕ್ಕ ಬೇರೆ. ಗಂಟೆಗೆ ೬೦ ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು ೧೭ ಮೀಟರು. ಎದುರಿನವನೂ ಅದೇ ವೇಗದಲ್ಲಿ ಬಂದರೆ ನಡುವಿನ ರಸ್ತೆ ಸೆಕೆಂಡಿಗೆ ೩೩ ಮೀಟರಿನಂತೆ ಕರಗುತ್ತದೆ. ಇದನ್ನು ಕಾಗದದ ಮೇಲೆ ಬರೆದು ನೋಡಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಹಾಗಾದರೆ ಗುಂಡಿಯಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಅದು ಗೇರುಗಳ ಕಡೆ. ಮಾಮೂಲು ಕ್ರಮದಲ್ಲಿ ಕಂಪ್ಯೂಟರಿಗೆ ಪೆಟ್ರೋಲು ಉಳಿಸುವ ಚಟ. ಅವಕಾಶ ಸಿಕ್ಕಿದೊಡನೆ ಮೇಲಿನ ಗೇರಿಗೆ ಏರಿಬಿಡುತ್ತದೆ. ನಮ್ಮ ಕಾರಿಗೆ ಆರು ಗೇರು. ೮೦ರ ವೇಗದಲ್ಲಿ ಆರನೆಯ ಗೇರಿನಲ್ಲಿ ಇಂಜಿನ್ನು ನಿಮಿಷಕ್ಕೆ ಸುಮಾರು ೧,೮೦೦ ಸುತ್ತು ತಿರುಗುತ್ತದೆ. ಅದೇ ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ೩,೨೦೦ ದಾಟುತ್ತದೆ. ಇಂಜಿನ್ನಿನ ಶಕ್ತಿ ಎಂಬುದು ತಿರುಚುವ ಬಲವನ್ನು ಸುತ್ತುಗಳಿಂದ ಗುಣಿಸಿದರೆ ಬರುವ ಲೆಕ್ಕ. ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲು ಇಂಜಿನ್ನು ತನ್ನ ಪೂರ್ಣ ಶಕ್ತಿಯನ್ನು ತೋರುವುದು ಆರು ಸಾವಿರ ಸುತ್ತಿನ ಆಸುಪಾಸಿನಲ್ಲಿ. ೧,೮೦೦ರಲ್ಲಿ ನಮ್ಮ ಕೈಗೆ ಸಿಗುವುದು ಅದರ ಮೂರರಲ್ಲೊಂದು ಪಾಲೂ ಅಲ್ಲ. ೩,೨೦೦ರಲ್ಲಿ ಅರ್ಧಕ್ಕೆ ಮಿಕ್ಕಿ. ಗೇರಿದ್ದ ಸೈಕಲ್ಲು ತುಳಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದಿಬ್ಬ ಬಂದಾಗ ಹಗುರ ಗೇರಿಗೆ ಬಂದು ಕಾಲನ್ನು ಬೇಗ ಬೇಗ ಆಡಿಸುತ್ತೇವಷ್ಟೆ.

ಮಾಮೂಲು ಕ್ರಮದಲ್ಲಿ ಹೋಗುತ್ತಿದ್ದಾಗ ಕಾಲನ್ನು ಒಮ್ಮೆಲೇ ತಳಮಟ್ಟ ಒತ್ತಿದರೂ ಕಾರು ಎರಡು-ಮೂರು ಗೇರು ಕೆಳಗಿಳಿದು ಇದೇ ಶಕ್ತಿಯನ್ನು ಕೊಡುತ್ತದೆ. ಆದರೆ ಅದಕ್ಕೆ ಒಂದು ಕ್ಷಣದ ಯೋಚನೆ ಬೇಕು: 'ಈ ಮುದುಕ ನಿಜವಾಗಿಯೂ ಕೇಳುತ್ತಿದ್ದಾನೋ, ಕಾಲು ಜಾರಿತೋ' ಎಂಬಂತೆ. ಸ್ಪೋರ್ಟ್ ಕ್ರಮದಲ್ಲಿ ಕಾರು ಮೊದಲೇ ಕೆಳಗಿನ ಗೇರಿನಲ್ಲಿ ಸೆರಗು ಕಟ್ಟಿಕೊಂಡು ನಿಂತಿರುತ್ತದೆ; ಕರೆದೊಡನೆ ಓಗೊಡುತ್ತದೆ. ಗುಂಡಿಯ ನಿಜವಾದ ಉಪಕಾರ ಆ ಒಂದು ಕ್ಷಣದ ಉಳಿತಾಯ. ಆದ್ದರಿಂದ ಗುಂಡಿಯನ್ನು ಒತ್ತಬೇಕಾದದ್ದು ಲಾರಿಯ ಹಿಂದೆ ಕಾಯುತ್ತಿರುವಾಗಲೇ, ಬಲಕ್ಕೆ ಹೊರಟ ಮೇಲಲ್ಲ.

ಊರಿನಲ್ಲಿದ್ದಾಗ ಒಂದು ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮೊಮ್ಮಗ ಫೋನಿನ ಗಡಿಯಾರ ಹಿಡಿದು ಕುಳಿತ. ಒಮ್ಮೆ ಮಾಮೂಲು ಕ್ರಮದಲ್ಲಿ, ಒಮ್ಮೆ ಸ್ಪೋರ್ಟ್ ಕ್ರಮದಲ್ಲಿ, ನಿಂತಲ್ಲಿಂದ ಪೂರ್ತಿ ಕಾಲೊತ್ತಿ ೬೦ರವರೆಗೆ ಓಡಿಸಿದೆವು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅರ್ಧ ಕಾಲೊತ್ತಿ ಓಡಿಸಿದಾಗ ಮಾತ್ರ ಎರಡೂ ಬೇರೆ ಬೇರೆ ಕಾರುಗಳೇ ಎಂಬಷ್ಟು ಅಂತರ.

ಇದು ನಮ್ಮ ಕಾರಿನ ಮಾತು. ಕೆಲವು ದುಬಾರಿ ಕಾರುಗಳಲ್ಲಿ ಸ್ಪೋರ್ಟ್ ಕ್ರಮ ಚಕ್ರದ ಆಘಾತ ತಡೆಯುವ ಸಾಧನಗಳನ್ನೂ ಬಿಗಿಗೊಳಿಸುತ್ತದೆ. ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆಯಾಗಿ, ರಸ್ತೆಯ ಗುಂಡಿ ಬೆನ್ನಿಗೆ ಹೆಚ್ಚು ತಿಳಿಯುತ್ತದೆ. ಸ್ಟಿಯರಿಂಗಿಗೆ ಕೈಜೋಡಿಸುವ ವಿದ್ಯುತ್ ಮೋಟಾರು ತನ್ನ ಸಹಾಯವನ್ನು ಕಡಿಮೆ ಮಾಡುವುದರಿಂದ ಅದು ಗಟ್ಟಿಯಾಗುತ್ತದೆ. ನಮ್ಮಲ್ಲೂ ಆಗುತ್ತದೆ, ಚಪಾತಿಯ ಹಿಟ್ಟು ಗಟ್ಟಿಯಾಗಿ ಕಲಸಿದಂತೆ. ಅದರಿಂದ ಕಾರೇನೂ ಹೆಚ್ಚು ಚುರುಕಾಗಿ ತಿರುಗುವುದಿಲ್ಲ, ತಿರುಗಿದಂತೆ ಅನ್ನಿಸುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಇಂಜಿನ್ನಿನ ಗರ್ಜನೆಯನ್ನು ಒಳಗಿನ ಸ್ಪೀಕರುಗಳಿಂದ ಕೇಳಿಸುತ್ತಾರಂತೆ! ನಾಟಕದ ಗುಡುಗಿಗೆ ತಗಡು ಬಡಿದಂತಾಯಿತು. ಪಟ್ಟಿಯ ಮೇಲೆ ಓಡುವ ಸಿವಿಟಿ ಗಾಡಿಗಳಲ್ಲಿ ಮೆಟ್ಟಿಲುಗಳಂಥ ಗೇರುಗಳೇ ಇಲ್ಲ. ಅಲ್ಲಿ ಸ್ಪೋರ್ಟ್ ಎಂದರೆ ಇಂಜಿನ್ನನ್ನು ಹೆಚ್ಚು ಸುತ್ತಿನಲ್ಲಿ ಇರಿಸುವುದು. ವಿದ್ಯುತ್ ಕಾರುಗಳ ಕಥೆ ಇದಕ್ಕೆ ವ್ಯತಿರಿಕ್ತ. ಅವುಗಳಲ್ಲಿ ಅನೇಕವು ಮಿತವ್ಯಯದ ಕ್ರಮದಲ್ಲಿ ಮೋಟಾರಿನ ಶಕ್ತಿಗೇ ಮಿತಿ ಹಾಕಿ, ಸ್ಪೋರ್ಟ್ ಕ್ರಮದಲ್ಲಿ ಅದನ್ನು ಪೂರ್ತಿ ಬಿಡುತ್ತವೆ. ಚಿಂಚವಡದ ಮಹನೀಯರ ಕಾರು ವಿದ್ಯುತ್ತಿನದಾದರೆ, ಅವರ ಮಟ್ಟಿಗೆ ಅಂಗಡಿಯ ಹುಡುಗನ ಮಾತೇ ನಿಜವಾಗಿರಲೂಬಹುದು.

ಮುಲುಂದದ ಸೋದರಿಯವರ ಪ್ರಶ್ನೆಗೆ: ಇಂಜಿನ್ನು ಕೆಡುವುದಿಲ್ಲ. ಸುತ್ತು ಮಿತಿ ಮೀರುವ ಮೊದಲೇ ಗೇರು ತಾನಾಗಿ ಬದಲಾಗುತ್ತದೆ, ಇಲ್ಲವೆ ಪೆಟ್ರೋಲು ಕಡಿತವಾಗುತ್ತದೆ. ಬೆಳಿಗ್ಗೆ ಗಾಡಿ ಚಾಲೂ ಮಾಡಿದೊಡನೆ, ಎಣ್ಣೆ ಬೆಚ್ಚಗಾಗುವ ಮೊದಲೇ ಗರ್ಜಿಸುವುದು ಮಾತ್ರ ಬೇಡ. ಪೆಟ್ರೋಲು ಹೆಚ್ಚು ಸುಡುವುದು ನಿಜ. ಸಿಗ್ನಲಿನಿಂದ ಸಿಗ್ನಲಿಗೆ ಹೋಗುವ ನಗರದಲ್ಲಿ ಅದರಿಂದ ಸಿಗುವುದು ಮುಂದಿನ ಕೆಂಪು ದೀಪದ ಬುಡದಲ್ಲಿ ಎರಡು ಸೆಕೆಂಡು ಹೆಚ್ಚು ಕಾಯುವ ಯೋಗ. ಮನೆಯವರಿಗೆ ಆ ಸದ್ದಿನಿಂದಲೇ ಸಂತೋಷವಾಗುತ್ತಿದ್ದರೆ, ಇತರ ಚಟಗಳಿಗಿಂತ ಇದು ಅಗ್ಗವೆಂದು ತಾವು ಸಮಾಧಾನ ಮಾಡಿಕೊಳ್ಳಬಹುದು.

ಈಗ ಘಟ್ಟ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟದ ಇಳಿಜಾರು ಬರುತ್ತದೆ. ಆ ದಿನ ಮರದ ಕೆಳಗಿನಿಂದ ಹೊರಟಾಗ ಸ್ಟಿಯರಿಂಗನ್ನು ಮೊಮ್ಮಗನಿಗೆ ಕೊಟ್ಟಿದ್ದೆವು. ಯಲ್ಲಾಪುರದಲ್ಲಿ ಚಹಾ ಕುಡಿದಾದ ಮೇಲೆ ಅವನು ತಾನಾಗಿಯೇ ಕೀಲಿಕೈಯನ್ನು ನಮ್ಮ ಕೈಗಿಟ್ಟು, "ಈ ಘಟ್ಟ ನಿಮಗೆ ಗೊತ್ತು ಅಜ್ಜಾ, ನನಗೆ ಗೊತ್ತಿಲ್ಲ" ಎಂದ. ನಮ್ಮ ಮನೆಯವರ ಮುಖ ನೋಡಿದೆವು. ಅವರು ಸುಮ್ಮನೆ ಮುಂದಿನ ಸೀಟಿನಲ್ಲಿ ಬಂದು ಕುಳಿತು ಬೆಲ್ಟು ಕಟ್ಟಿಕೊಂಡರು.

ಆಟೋಮ್ಯಾಟಿಕ್ ಗಾಡಿಯಲ್ಲಿ ಇಳಿಯುವವರು ಮಾಡುವ ದೊಡ್ಡ ತಪ್ಪೆಂದರೆ ಬ್ರೇಕಿನ ಮೇಲೆಯೇ ಕಾಲಿಟ್ಟುಕೊಂಡು ಇಳಿಯುವುದು. ಜನ-ಸಾಮಾನು ಸೇರಿ ೧,೫೦೦ ಕಿಲೋ ತೂಗುವ ಕಾರು ೪೦೦ ಮೀಟರು ಎತ್ತರದಿಂದ ಇಳಿಯಿತೆನ್ನಿ. ಆ ಇಳಿತದ ಶಕ್ತಿ ಎಲ್ಲವೂ ಶಾಖವಾದರೆ, ಸುಮಾರು ೧೮ ಲೀಟರು ತಣ್ಣೀರನ್ನು ಕುದಿಸಬಹುದು. ಒಬ್ಬರ ಸ್ನಾನಕ್ಕೆ ಬೇಕಾದ ಬಿಸಿನೀರಿಗಿಂತ ಹೆಚ್ಚು. ಗಾಳಿ, ಚಕ್ರಗಳು ಸ್ವಲ್ಪ ಪಾಲು ತೆಗೆದುಕೊಳ್ಳುತ್ತವೆ. ಮಿಕ್ಕಿದ್ದೆಲ್ಲ ಬ್ರೇಕಿನ ತಟ್ಟೆಗಳಿಗೇ. ಕಾದ ಬ್ರೇಕು ಮೊದಲು ಸುಟ್ಟ ವಾಸನೆ ಕೊಡುತ್ತದೆ, ಆಮೇಲೆ ಹಿಡಿಯುವುದನ್ನು ಬಿಡುತ್ತದೆ.

ಕೆಳಗಿನ ಗೇರಿನಲ್ಲಿ ಇಳಿದರೆ ಇಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಸ್ಪೋರ್ಟ್ ಕ್ರಮದಲ್ಲಿ ಕಾಲು ತೆಗೆದ ಮೇಲೂ ಕಾರು ಮೇಲಿನ ಗೇರಿಗೆ ಓಡದೆ ಕೆಳಗಿನದನ್ನೇ ಹಿಡಿದುಕೊಳ್ಳುವುದರಿಂದ ಇಳಿಜಾರಿಗೂ ಅದು ನೆಂಟ. ಅದಕ್ಕಿಂತ ಭದ್ರವಾದದ್ದು ಗೇರಿನ ಕಡ್ಡಿಯನ್ನು ಪಕ್ಕಕ್ಕೆ ಸರಿಸಿ ನಾವೇ ಎರಡನೆಯದನ್ನೋ ಮೂರನೆಯದನ್ನೋ ಆರಿಸಿಕೊಳ್ಳುವುದು. ಕೆಲವು ಗಾಡಿಗಳಲ್ಲಿ ಇದಕ್ಕಾಗಿ 'ಎಲ್' ಎಂಬ ಸ್ಥಾನವಿರುತ್ತದೆ. ಇಂಜಿನ್ನು ಕೂಗುವುದನ್ನು ಕೇಳಿ ಪೆಟ್ರೋಲು ಸುರಿಯುತ್ತಿದೆಯೆಂದು ಹೆದರಬೇಕಾಗಿಲ್ಲ. ಕಾಲು ಪೂರ್ತಿ ತೆಗೆದು ಗೇರಿನಲ್ಲಿ ಇಳಿಯುವಾಗ ಈಗಿನ ಇಂಜಿನ್ನುಗಳು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತವೆ; ಚಕ್ರಗಳೇ ಅವನ್ನು ತಿರುಗಿಸುತ್ತವೆ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಯುವ ಜಾಣರು ನಿಜಕ್ಕೂ ಪೆಟ್ರೋಲನ್ನೂ ಸುಡುತ್ತಾರೆ, ಬ್ರೇಕನ್ನೂ ಸುಡುತ್ತಾರೆ.

ಎರಡನೆಯ ಗೇರಿನಲ್ಲಿ, ಮೂರನೆಯ ಗೇರಿನಲ್ಲಿ, ತಿರುವಿಗೊಮ್ಮೆ ಹಾರನ್ನು ಮಾಡುತ್ತ ಇಳಿದೆವು. ಲಾರಿಗಳ ಹಿಂದೆ ಲಾರಿಗಳಂತೆಯೇ ಇಳಿದೆವು, ಯಾರನ್ನೂ ದಾಟಲಿಲ್ಲ. ಬ್ರೇಕಿಗೆ ಕಾಲು ತಾಗಿದ್ದು ಆಗೊಮ್ಮೆ ಈಗೊಮ್ಮೆ. ಕೆಳಗೆ ಬಂದು ಗಾಡಿ ನಿಲ್ಲಿಸಿದಾಗ ಅಕ್ಕ ಹಿಂದಿನಿಂದ, "ಘಟ್ಟ ಯಾವಾಗ ಬರುತ್ತದೋ?" ಎಂದು ಕೇಳಿದರು. ನಿದ್ದೆ ಹೋಗಿದ್ದರು.

ಆ ರಾತ್ರಿ ಮಗ ಫೋನು ಮಾಡಿದ. ನಮ್ಮ ಮನೆಯವರು ಲಾರಿಯ ಸಂಗತಿಯನ್ನು ಮುಚ್ಚಿಡಲಿಲ್ಲ, ಘಟ್ಟದ ಸಂಗತಿಯನ್ನೂ ಬಿಡಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾಪಸು ಬರುವಾಗ ಎರಡು ಗಾಡಿಯ ರಸ್ತೆಯಲ್ಲಿ ಹುಡುಗನೇ ಓಡಿಸಲಿ. ಘಟ್ಟಕ್ಕೆ ಅಪ್ಪ ಇರಲಿ" ಎಂದನಂತೆ. ನಾವು ಒಪ್ಪಿದೆವು. ಹೆದ್ದಾರಿಯ ವಿಷಯ ಅವನು ಎತ್ತಲಿಲ್ಲ, ನಾವೂ ಕೆದಕಲಿಲ್ಲ. ಅಣ್ಣ ಮಾತ್ರ, "ಎಂಟು ದಿನ ಅಂದರೆ ಎಂಟೇ ದಿನವೇನೋ?" ಎಂದು ಇನ್ನೂ ಎರಡು ದಿನ ನಿಲ್ಲಿಸಿಕೊಂಡರು.

ಹೊರಡುವ ದಿನ ಅತ್ತಿಗೆ ಅಪ್ಪೆಮಿಡಿಯ ಉಪ್ಪಿನಕಾಯಿಯ ಭರಣಿಯನ್ನು ಬಾಯಿಗೆ ಬಟ್ಟೆ ಕಟ್ಟಿ ತಂದಿಟ್ಟರು. ನಮ್ಮ ಮನೆಯವರು ಅದನ್ನು ಡಿಕ್ಕಿಗೆ ಹಾಕಲು ಬಿಡದೆ ತಮ್ಮ ಕಾಲುಗಳ ನಡುವೆ ನಿಲ್ಲಿಸಿಕೊಂಡು, ಮೊಮ್ಮಗನಿಗೂ ನಮಗೂ ಸೇರಿಸಿ ಹೇಳಿದರು: "ಪುಣೆ ಮುಟ್ಟುವವರೆಗೆ ಆ ಗುಂಡಿ ಯಾರೂ ಮುಟ್ಟಬೇಡಿ."